ವೈರು ಬಿಚ್ಚಲು ಬಂದ ಮಾಬುಸಾಬಣ್ಣ

ಮಾಬುಸಾಬಣ್ಣ ನಿಂತ ಗಾಡಿಯ ಮುಂದೆಯೂ ಹಾದು ಹೋಗುತ್ತಿರಲಿಲ್ಲ. ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ ಡ್ರೈವರ್ ಇಳಿದು ಚಹಾ ಕುಡಿಯುತ್ತಿರಲಿ, ಬಸ್ಸು ಬೆಳಗಿನಿಂದ ಅಲ್ಲೇ ತಣ್ಣಗೆ ನಿಂತಿರಲಿ, ಅವರು ಹತ್ತು ಹೆಜ್ಜೆ ದೂರದಿಂದ ಸುತ್ತು ಹಾಕಿಯೇ ಬರುವವರು. ಜೀವಮಾನವೆಲ್ಲ ಎಂಜಿನ್ನುಗಳ ಹೊಟ್ಟೆಯೊಳಗೆ ಕೈಯಾಡಿಸಿದ ಮೆಕ್ಯಾನಿಕ್ಕು ಹೀಗೆ ಗಾಡಿಗೆ ಅಂಜುವುದನ್ನು ನೋಡಿ ಚಹಾದಂಗಡಿಯವರು ನಗುತ್ತಿದ್ದರು. ನಾನೂ ಮೊದಲು ನಕ್ಕವಳೇ.

ನಮ್ಮದು ತಂಬ್ರಹಳ್ಳಿ. ನಾಲ್ಕು ಎಕರೆ ದಾಳಿಂಬೆ ತೋಟದ ಉಸ್ತುವಾರಿ ನನ್ನದೇ. ಯಜಮಾನರು ಹಗರಿಬೊಮ್ಮನಹಳ್ಳಿಯಲ್ಲಿ ಗುಮಾಸ್ತರು. ಗಾಡಿಯ ಚಾವಿ ಯಾವ ಕಡೆ ತಿರುಗುತ್ತದೆಂಬುದು ಅವರಿಗೆ ಈವತ್ತಿಗೂ ಗೊತ್ತಿಲ್ಲ. ಗಿಡದ ಸಾಲುಗಳ ನಡುವೆ ದೊಡ್ಡ ಟ್ರ್ಯಾಕ್ಟರು ತೂರುವುದಿಲ್ಲವೆಂದು ನಾನು ಒಂದು ಪುಟ್ಟ ಹಳೇ ಟ್ರ್ಯಾಕ್ಟರು ಕೊಂಡಿದ್ದೆ. ಹೊರದೇಶದಲ್ಲಿ ಬಂಗಲೆಗಳ ಮುಂದಿನ ಹುಲ್ಲು ಕತ್ತರಿಸಲು ಹುಟ್ಟಿದ ಗಾಡಿ ಅದು. ಗಣಿಯ ಕಾಲದಲ್ಲಿ ಯಾರೋ ಗೆಸ್ಟ್ ಹೌಸಿನ ಹುಲ್ಲಿಗೆಂದು ಇಂಥವನ್ನು ತರಿಸಿ, ಆಮೇಲೆ ಗುಜರಿಗೆ ಹಾಕಿದರಂತೆ. ಅಲ್ಲಿಂದ ಒಂದೊಂದಾಗಿ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಯ ತೋಟಗಳಿಗೆಲ್ಲ ಹರಡಿಕೊಂಡವು. ಹೊಟ್ಟೆಯ ಕೆಳಗೆ ತಿರುಗುವ ಅಲಗಿನಿಂದ ಕಳೆ ಕತ್ತರಿಸುತ್ತದೆ, ಹಿಂದೆ ಸಣ್ಣ ಟ್ರಾಲಿ ಕಟ್ಟಿದರೆ ಹಣ್ಣಿನ ಕ್ರೇಟು ಎಳೆಯುತ್ತದೆ. ಕೆಟ್ಟರೆ ಮಾತ್ರ ಬಿಡಿಭಾಗ ಎಲ್ಲಿಯೂ ಸಿಗುವುದಿಲ್ಲ. ಇವನ್ನು ಮುಟ್ಟುವ ಧೈರ್ಯ ಇದ್ದದ್ದು ಕೊಟ್ಟೂರಿನ ಮಾಬುಸಾಬಣ್ಣ ಒಬ್ಬರಿಗೇ.

ಆಗಿನ ಮಾಬುಸಾಬಣ್ಣನನ್ನು ನೋಡಬೇಕಿತ್ತು. ಸಣಕಲು ಮೈ, ಎಣ್ಣೆ ಮೆತ್ತಿದ ಪೈಜಾಮ, ಬಾಯಲ್ಲಿ ಸದಾ ಒಂದೇ ಮಾತು, "ಎರಡ ನಿಮಿಷ ತಾಯಿ." ದೊಡ್ಡ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುವರು. ಒಳಗೆ ಯಾವ ಬೇರಿಂಗು ನರಳುತ್ತಿದೆ ಎಂದು ಅವರಿಗೆ ಕೇಳಿಸುತ್ತಿತ್ತು. ಮಳೆಗಾಲವೆಲ್ಲ ನಿಲ್ಲಿಸಿಟ್ಟ ನನ್ನ ಗಾಡಿ ಚಾಲೂ ಆಗದಿದ್ದಾಗ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನೋಡಿ ಮುಖ ಕಿವುಚಿದರು. "ಹಳೇ ಪೆಟ್ರೋಲು ಅಂದ್ರ ಮಜ್ಜಿಗಿ ಇದ್ದಂಗ ತಾಯಿ. ನಾಕ ತಿಂಗಳು ಇಟ್ರ ಹುಳಿ ಆಗ್ತೈತಿ. ನೀವು ಕುಡೀತೀರೇನು? ಅದಕ್ಕ್ಯಾಕ ಕುಡಸ್ತೀರಿ?"

ಆ ಗಾಡಿಗಳಲ್ಲಿ ಕ್ಲಚ್ ಪೆಡಲಿನ ಕೆಳಗೆ ಬೆರಳುದ್ದದ ಒಂದು ಸ್ವಿಚ್ಚು ಇರುತ್ತದೆ. ಸೀಟಿನ ಮೇಲೆ ಕೂತು ಪೆಡಲು ಒತ್ತಿದರೆ ಮಾತ್ರ ಗಾಡಿ ಚಾಲೂ ಆಗಬೇಕು. ಕೆಳಗೆ ನಿಂತು ಸುಮ್ಮನೆ ಚಾವಿ ತಿರುಗಿಸಿದರೆ ಆಗಬಾರದು. ಅದಕ್ಕಾಗಿಯೇ ಆ ಸ್ವಿಚ್ಚು. ನಮ್ಮ ಕೆಮ್ಮಣ್ಣಿನ ಧೂಳಿಗೆ ಅದು ಎರಡು ವರ್ಷವೂ ಬಾಳುವುದಿಲ್ಲ. ನನ್ನದು ಕೆಟ್ಟಾಗ ಮಾಬುಸಾಬಣ್ಣ ಅದನ್ನು ಕಿತ್ತೆಸೆದು, ಅದರ ಎರಡು ವೈರುಗಳನ್ನೇ ಒಂದಕ್ಕೊಂದು ಹೊಸೆದು ಟೇಪು ಸುತ್ತಿದರು. "ಡೈರೆಕ್ಟ್ ಮಾಡೀನಿ. ಇನ್ನ ಈ ಸ್ವಿಚ್ಚಿನ ಕಿರಿಕಿರಿನ ಇಲ್ಲ." ನಾನು ಎಷ್ಟು ಖುಷಿಪಟ್ಟೆ ಎಂದರೆ, ಅವತ್ತು ಅವರಿಗೆ ಮಂಡಕ್ಕಿ ಮಿರ್ಚಿ ಮಾಡಿ ತಿನ್ನಿಸಿಯೇ ಕಳಿಸಿದೆ.

ಹಾಗೆ ಡೈರೆಕ್ಟ್ ಮಾಡಿದ ಇನ್ನೊಂದು ಗಾಡಿ ಗುಡೇಕೋಟೆಯ ಓಬಣ್ಣನದು. ಹ್ಯಾಂಡ್ ಬ್ರೇಕು ಹಿಡಿಯದ ಹಳೇ ಗಾಡಿಯನ್ನು ಇಳಿಜಾರಿನಲ್ಲಿ ಗೇರಿಗೆ ಹಾಕಿ ನಿಲ್ಲಿಸುವುದು ನಮ್ಮೆಲ್ಲರ ರೂಢಿ. ಓಬಣ್ಣ ಹಾಗೇ ನಿಲ್ಲಿಸಿದ್ದ. ಬೆಳಿಗ್ಗೆ ಹತ್ತಿ ಕೂರಲು ಸೋಮಾರಿತನವಾಗಿ, ಪಕ್ಕದಲ್ಲಿ ನಿಂತೇ ಚಾವಿ ತಿರುಗಿಸಿದ. ಗಾಡಿ ನೆಗೆದು ಅವನನ್ನು ಕೆಡವಿತು. ಅಲಗು ಪಾದ ಮುಟ್ಟಿತು. ಎರಡು ಬೆರಳು ಹೋದವು.

ಮಾಬುಸಾಬಣ್ಣ ನೋಡಲು ಹೋದಾಗ ಓಬಣ್ಣನೇ ಇವರಿಗೆ ಸಮಾಧಾನ ಹೇಳಿದನಂತೆ. "ನಂದ ತಪ್ಪು ಸಾಬ್ರ, ಗೇರಿನಾಗ ಬಿಟ್ಟಿದ್ದೆ. ನೀವ್ಯಾಕ ಅಳ್ತೀರಿ?" ಇದನ್ನು ಹೇಳುವಾಗ ಮಾಬುಸಾಬಣ್ಣ ನನ್ನ ಮುಖ ನೋಡುತ್ತಿರಲಿಲ್ಲ. "ಅವ ಬೈದಿದ್ರ ಛಲೋ ಇತ್ತು ತಾಯಿ. ಬೈಲಿಲ್ಲ. ಚಾ ಕುಡಿಸಿ ಕಳಿಸಿದ."

ಅವರು ನಮ್ಮ ತೋಟಕ್ಕೆ ಬಂದದ್ದು ಅದೇ ವಾರ. ಏಳು ಗಾಡಿಗೆ ಡೈರೆಕ್ಟ್ ಮಾಡಿದ್ದೇನೆ, ಏಳನ್ನೂ ಬಿಚ್ಚಬೇಕು ಎಂದರು.

"ಬಿಚ್ಚಿದ ಮ್ಯಾಲೆ ಚಾಲೂ ಹೆಂಗ ಆಗ್ತೈತ್ರಿ?" ಎಂದೆ.

"ಸದ್ಯಕ್ಕ ಆಗಂಗಿಲ್ಲ. ಬ್ಯಾರೆ ಏನರ ಹುಡುಕತೀನಿ."

ನನಗೆ ಉರಿದುಹೋಯಿತು. ಹಣ್ಣು ಕೀಳುವ ಆಳುಗಳು ಬಂದು ನಿಂತಿದ್ದರು. "ಕ್ರೇಟು ನಿಮ್ಮ ತಲಿ ಮ್ಯಾಲೆ ಹೊರಸ್ಲೇನು? ನಾನು ಹುಷಾರದೀನ್ರಿ. ಗೇರು ನೋಡದ ಚಾವಿ ಮುಟ್ಟಾಕಿ ಅಲ್ಲ."

"ಓಬಣ್ಣನೂ ಹುಷಾರನ ಇದ್ದ ತಾಯಿ."

ಕೊಯ್ಲು ಮುಗಿದ ಮೇಲೆ ಬನ್ನಿ ಎಂದು ಸಾಗಹಾಕಿದೆ. ಅವರು ಬಸ್ಸಿಗೆ ಹೋದರು. ಮುದುಕರಿಗೆ ಅರಳುಮರಳು ಎಂದು ಆಳುಗಳ ಮುಂದೆ ನಾನು ನಕ್ಕದ್ದೂ ಉಂಟು.

ಮೂರನೆಯ ದಿನ ಮಧ್ಯಾಹ್ನ. ನಾನು ಪಂಪಿನ ಮನೆಯಿಂದ ಬರುತ್ತಿದ್ದೆ. ನಮ್ಮ ಅತ್ತೆ ಒಗೆದ ಸೀರೆಯನ್ನು ಟ್ರ್ಯಾಕ್ಟರಿನ ಸ್ಟೇರಿಂಗಿನ ಮೇಲೆ ಒಣಹಾಕಿದ್ದರು. ಒಣಗಿದ ಸೀರೆ ಎಳೆದುಕೊಳ್ಳಲು ನೋಡಿದರೆ ಅಂಚು ಚಾವಿಗೆ ಸಿಕ್ಕಿಕೊಂಡಿದೆ. ಬಿಡಿಸಲು ಆಕೆ ಚಾವಿಯನ್ನೇ ಹಿಡಿದು ಆ ಕಡೆ ಈ ಕಡೆ ತಿರುವುತ್ತಿದ್ದಾರೆ. ನಿಂತಿರುವುದು ಸರಿಯಾಗಿ ಹಿಂದಿನ ಗಾಲಿಯ ಎದುರಿಗೆ. ಬೆಳಿಗ್ಗೆ ಗಾಡಿಯನ್ನು ಗೇರಿಗೆ ಹಾಕಿ ಇಳಿದವಳು ನಾನೇ.

ಓಡಿದೆ. ಕಾಲಿಗೆ ಡ್ರಿಪ್ ಪೈಪು ತೊಡರಿ ಬಿದ್ದು ಎದ್ದು ಮತ್ತೆ ಓಡಿದೆ. ನಾನು ಅತ್ತೆಯ ರಟ್ಟೆ ಹಿಡಿದು ಎಳೆಯುವುದಕ್ಕೂ ಗಾಡಿ ಗುರ್ ಎನ್ನುವುದಕ್ಕೂ ಸರಿಹೋಯಿತು. ಒಂದು ಗೇಣು ಮುಂದಕ್ಕೆ ಜಿಗಿದು, ಅದರ ಪುಣ್ಯವೋ ನಮ್ಮ ಪುಣ್ಯವೋ, ಎಂಜಿನ್ನು ಹಿಡಿಯದೆ ನಿಂತಿತು. ಅತ್ತೆಗೆ ಏನೂ ತಿಳಿದಿರಲಿಲ್ಲ. "ಯಾಕಬೇ ಹಂಗ ಜಗ್ಗತಿ, ಸೀರಿ ಹರದೀತು" ಎಂದು ಗೊಣಗಿದರು. ನಾನು ನೆಲದಲ್ಲೇ ಕೂತೆ.

ಫೋನು ಮಾಡಿ "ಮಾಬುಸಾಬಣ್ಣ, ಬರ್ರಿ, ಇವತ್ತ ಬರ್ರಿ" ಎಂದೆ. ಆ ಕಡೆಯಿಂದ ಒಂದೇ ಪ್ರಶ್ನೆ, "ಯಾರಿಗೆ ಏನಾತು?" ಯಾರಿಗೂ ಏನೂ ಆಗಿಲ್ಲ ಎಂದು ಮೂರು ಸಲ ಹೇಳಬೇಕಾಯಿತು. ಆಮೇಲೆ ಮೆಲ್ಲಗೆ ಹೇಳಿದರು, "ಬ್ಯಾಟ್ರಿ ವೈರು ಬಿಚ್ಚಿಡು. ಬಂದೆ."

ಬಂದವರು ನಾನು ಅಂದ ಮಾತುಗಳನ್ನು ಎತ್ತಲೇ ಇಲ್ಲ. ಹಳೇ ಮೊಪೆಡ್ಡಿನ ಬ್ರೇಕ್ ಲೈಟಿನ ಸ್ವಿಚ್ಚೊಂದನ್ನು ಜೇಬಿನಲ್ಲಿ ತಂದಿದ್ದರು. ಅದರ ಸ್ಪ್ರಿಂಗನ್ನು ಪೆಡಲಿಗೆ ಕಟ್ಟಿ, ಧೂಳು ಹೋಗದಂತೆ ಸೈಕಲ್ ಟ್ಯೂಬಿನ ತುಂಡು ತೊಡಿಸಿದರು. ನಂತರ ಬ್ಯಾಟರಿ ವೈರು ಮತ್ತೆ ಜೋಡಿಸಿ, ನನ್ನನ್ನು ಸೀಟಿನ ಮೇಲೆ ಕೂರಿಸಿ, ಗೇರು ತೆಗೆಸಿ, ಪೆಡಲು ಒತ್ತದೆ ಚಾವಿ ತಿರುಗಿಸು ಎಂದರು. ಗಾಡಿ ಸುಮ್ಮನಿತ್ತು. "ಇನ್ನೊಮ್ಮಿ." ಸುಮ್ಮನಿತ್ತು. ಹೀಗೆ ಎಷ್ಟು ಸಲವೋ. ಅವರ ಹಣೆಯ ಮೇಲೆ ಬೆವರು ಇಳಿಯುತ್ತಿತ್ತು. ಕೊನೆಗೆ, "ಈಗ ನೀ ಮರತರೂ ಗಾಡಿ ಮರಿಯಂಗಿಲ್ಲ" ಎಂದರು. ಹೋಗುವಾಗ ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದ್ದು ಇಷ್ಟೇ, "ಮದ್ಲು ಗೇರು ನೋಡು. ಆಮ್ಯಾಲೆ ದೇವ್ರನ್ನ ನೆನಿ."

ಒಂದೊಂದಾಗಿ ಆರು ಗಾಡಿಗಳ ವೈರು ಬಿಚ್ಚಿ, ಅಲ್ಲೆಲ್ಲ ಇಂಥದೇ ಸ್ವಿಚ್ಚು ಕೂರಿಸಿದರು. ಏಳನೆಯದು ಇಟ್ಟಿಗಿ ಊರಿನ ತೋಟವೊಂದರಲ್ಲಿತ್ತು, ಹೋಗಿ ನೋಡಿದರೆ ತೋಟದವರು ಅದನ್ನು ಮಾರಿಬಿಟ್ಟಿದ್ದರು. ಹರಪನಹಳ್ಳಿ ಕಡೆಯವರು ಒಯ್ದರು ಅನ್ನುವುದಷ್ಟೇ ಅವರಿಗೆ ಗೊತ್ತು. ಅಲ್ಲಿಂದ ಮಾಬುಸಾಬಣ್ಣನ ನಿದ್ದೆ ಹೋಯಿತು. ವಾರಕ್ಕೊಮ್ಮೆ ಬಸ್ಸು ಹತ್ತಿ ಆ ಕಡೆಯ ಹಳ್ಳಿಗಳಲ್ಲಿ ಇಳಿದು ಕೇಳಿಕೊಂಡು ಬರುವರು. ಕನ್ನಡ ಓದಲು ಬಾರದ ಅವರು ಪೇಪರಿನಲ್ಲಿ ಅಪಘಾತವಾದ ಟ್ರ್ಯಾಕ್ಟರಿನ ಚಿತ್ರ ಕಂಡರೆ ಸಾಕು, ನನಗೆ ಫೋನು ಮಾಡುವರು. "ಸಣ್ಣ ಗಾಡಿನೋ ದೊಡ್ಡದೋ ನೋಡಿ ಹೇಳು ತಾಯಿ." ದೊಡ್ಡದು ಎಂದರೆ ಅಲ್ಲಾನನ್ನು ನೆನೆಯುವರು. ನೆನೆದ ಮರುಗಳಿಗೆಯೇ, ಯಾರೋ ಸತ್ತ ಸುದ್ದಿಗೆ ಹಾಗೆ ಅಂದೆನಲ್ಲ ಎಂದು ತಾವೇ ನೊಂದುಕೊಳ್ಳುವರು. ಈ ಫೋನು ಬಂದಾಗಲೆಲ್ಲ ನಾನೂ ಕೈಯಲ್ಲಿದ್ದ ಕೆಲಸ ಬಿಟ್ಟು ಪೇಪರು ಹುಡುಕುತ್ತಿದ್ದೆ.

ಒಂದೂವರೆ ವರ್ಷದ ಮೇಲೆ, ಹರಪನಹಳ್ಳಿ ಹತ್ತಿರದ ಒಂದು ತೆಂಗಿನ ತೋಟದಲ್ಲಿ ಅದು ಸಿಕ್ಕಿತು. ನಾನೂ ಜೊತೆಗೆ ಹೋಗಿದ್ದೆ. ತೋಟದವನು ಸಜ್ಜನ. "ಗಾಡಿ ಚೆನ್ನಾಗೈತೆ, ಬೇಕಾದ್ರೆ ನೋಡ್ರಿ" ಎಂದು ಚಾವಿ ಕೊಟ್ಟ. ಮಾಬುಸಾಬಣ್ಣ ನಾಲ್ಕೂ ಗಾಲಿಗೆ ಕಲ್ಲು ಇಟ್ಟು, ಬ್ಯಾಟರಿ ವೈರು ಬಿಚ್ಚಿ, ಕೆಳಗೆ ತೂರಿದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ.

"ಫ್ಯಾಕ್ಟ್ರಿ ಸ್ವಿಚ್ಚು ಹಂಗ ಐತಿ. ಇದನ್ನ ಯಾರೂ ಮುಟ್ಟಿಲ್ಲ."

"ಹಂಗಾರ ಉಳದ್ವಲ್ರಿ" ಎಂದು ನಾನು ಸಂತೋಷದಿಂದ ಅತ್ತೇಬಿಟ್ಟೆ.

ಅವರು ತೆಂಗಿನ ಬುಡಕ್ಕೆ ಕುಸಿದು ಕೂತರು. "ಏಳು ಗಾಡಿಗೆ ಡೈರೆಕ್ಟ್ ಮಾಡಿದ್ದು ಖರೆ ತಾಯಿ. ನನ್ನ ಕೈ ನನಗ ಗೊತ್ತೈತಿ. ಇದಕ್ಕ ಮಾಡಿಲ್ಲ ಅಂದ್ರ ಯಾವುದಕ್ಕ ಮಾಡೀನಿ?" ಎಣ್ಣೆಗೈಯನ್ನು ಮಣ್ಣಿಗೆ ಉಜ್ಜಿಕೊಳ್ಳುತ್ತ ಮುಂದುವರಿಸಿದರು, "ಇಷ್ಟ ದಿನ ಒಂದ ಗಾಡಿಗೆ ಅಂಜ್ತಿದ್ದೆ. ಈಗ ಎಲ್ಲಾ ಗಾಡಿಗೂ ಅಂಜಬೇಕಾತಲ್ಲ."

ಬಸ್ಸಿನಲ್ಲಿ ಬರುವಾಗ ಅವರು ಬೆರಳು ಮಡಿಚಿ ಮಡಿಚಿ ಊರುಗಳ ಹೆಸರು ಹೇಳಿಕೊಳ್ಳುತ್ತಿದ್ದರು. ಕೊಟ್ಟೂರಿನಲ್ಲಿ ಇಳಿದು, ಹೋಗಿಬರ್ತೀನಿ ಎನ್ನುವುದನ್ನೂ ಮರೆತು ನಡೆದರು. ಅದೇ ಕೊನೆಯ ಭೇಟಿ. ತಿಂಗಳೊಳಗೆ, ಮಧ್ಯಾಹ್ನ ಶೆಡ್ಡಿನಲ್ಲಿ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲವಂತೆ. ಮಣ್ಣು ಕೊಡಲು ಓಬಣ್ಣ ಕುಂಟಿಕೊಂಡು ಬಂದಿದ್ದ. ಸತ್ತವರ ಮೇಲೆ ಸಿಟ್ಟಾಗಬಾರದು, ಆದರೆ ನನಗೆ ಸಿಟ್ಟು ಬಂದಿತ್ತು. ಇಷ್ಟು ದೊಡ್ಡ ಅಂಜಿಕೆಯನ್ನು ನನ್ನೊಬ್ಬಳ ಹತ್ತಿರ ಬಿಟ್ಟು ಹೋಗಿಬಿಟ್ಟರಲ್ಲ ಎಂದು.

ಹೋದ ವಾರ ಹಡಗಲಿಗೆ ಹೋಗುವಾಗ ರಸ್ತೆ ಪಕ್ಕದ ಮಲ್ಲಿಗೆ ತೋಟದಲ್ಲಿ ಅಂಥದೇ ಪುಟ್ಟ ಗಾಡಿ ಕಂಡಿತು. ಪಕ್ಕದಲ್ಲಿ ಮೂವರು ಹೆಂಗಸರು ಕೂತು ಹೂ ಕಟ್ಟುತ್ತಿದ್ದರು. ಸ್ಕೂಟಿ ನಿಲ್ಲಿಸಿ ಒಳಗೆ ಹೋದೆ. ತೋಟದ ಯಜಮಾನ ಎದ್ದು ಬಂದು ಯಾರು ಎಂದು ಕೇಳಿದ.

"ಕೊಟ್ಟೂರು ಮಾಬುಸಾಬರ ಕಡಿಯಾಕಿ ಅದೀನ್ರಿ."

"ಅವ್ರು ತೀರಿಹೋದ್ರಂತಲ್ಲ?"

"ಹೌದ್ರಿ. ಅವರ ಕೆಲಸ ಒಂದು ಉಳದೈತಿ. ಹೆಣ್ಮಕ್ಕಳನ್ನ ಈ ಕಡಿ ಎಬ್ಬಿಸ್ರಿ. ಚಾವಿ ತಗದು ನನ್ನ ಕೈಯಾಗ ಕೊಡ್ರಿ."