ಡಬ್ಬಿಯಕ್ಕನ ನಡಿಗೆ

ಈಗಿನ ಸಿನಿಮಾಗಳಲ್ಲಿ ರೋಬೋಗಳು ಕಂಪ್ಯೂಟರಿನೊಳಗೇ ಹುಟ್ಟಿ, ಅಲ್ಲೇ ಕುಣಿದು, ಅಲ್ಲೇ ಸಾಯುತ್ತವೆ. ಆಗ ಹಾಗಿರಲಿಲ್ಲ, ತಗಡಿನ ಹೊಟ್ಟೆಯೊಳಗೆ ಯಾರಾದರೂ ಬೆವರು ಸುರಿಸಲೇಬೇಕಿತ್ತು. ಹಾಗೆ ಹತ್ತಾರು ಚಿತ್ರಗಳಲ್ಲಿ ಬೆವರು ಸುರಿಸಿ, ಒಮ್ಮೆ ಲೋಕ ಹಾಳುಮಾಡಿ ಇನ್ನೊಮ್ಮೆ ಉಳಿಸಿದವಳು ಡಬ್ಬಿಯಕ್ಕ. ಮೊದಲು ಆ ಚಿತ್ರಗಳನ್ನು ತೆಗೆಯುತ್ತಿದ್ದ ಸ್ಟುಡಿಯೋದ ಉಡುಪಿನ ಕೋಣೆಯಲ್ಲಿ ಗುಂಡಿ ಹೊಲಿಯುತ್ತಿದ್ದಳು. ಆಳು ಕುಳ್ಳಿ, ತಗಡಿನ ಅಂಗಿ ಅವಳೊಬ್ಬಳಿಗೇ ಸರಿಹೊಂದಿತು, ಅಷ್ಟೇ.

ಆದರೆ ಮೊದಲ ದಿನವೇ ನಿರ್ದೇಶಕ ತಲೆ ಚಚ್ಚಿಕೊಂಡ.

"ನೀವು ನಡೆದ್ರೆ ಬೀರು ಜರುಗಿಸಿದ ಹಾಗಿದೆ ಅಕ್ಕಾ! ಊಟ ಆದ್ಮೇಲೆ ನಿಮ್ಮ ಬದ್ಲು ಚಕ್ರದ ಮೇಲೆ ಓಡೋ ಯಂತ್ರ ಬರುತ್ತೆ, ನೀವು ಹೊಲಿಗೆಗೇ ಹೋಗಿಬಿಡಿ."

ಡಬ್ಬಿಯಕ್ಕ ಆಗಲೇ 'ಪರದೆ ಮೇಲೆ ಬರ್ತೀನಿ' ಎಂದು ಗಂಡನಿಗೆ, ನಾದಿನಿಗೆ, ಓಣಿಗೆಲ್ಲ ಹೇಳಿಕೊಂಡಿದ್ದಳು ಪಾಪ. ಇನ್ನು ಯಾವ ಮುಖ ಹೊತ್ತು ಮನೆಗೆ ಹೋಗುವುದು?

ಅಷ್ಟರಲ್ಲಿ "ಊಟ!" ಎಂದು ಯಾರೋ ಕೂಗಿದ್ದೇ ತಡ, ಇಡೀ ತಂಡ ಎದ್ದೆನೋ ಬಿದ್ದೆನೋ ಎಂದು ಓಡಿತು. ರೋಬೋದ ತಲೆಯ ಸ್ಕ್ರೂಗಳು ಕತ್ತಿನ ಹಿಂದೆ, ಹೊರಗಿನವರೇ ಬಿಚ್ಚಬೇಕು. ಬೆಳಗ್ಗೆಯಿಂದ ಅಕ್ಕಾ ಅಕ್ಕಾ ಎನ್ನುತ್ತಿದ್ದ ಮಹಾನುಭಾವರಲ್ಲಿ ಒಬ್ಬನಿಗಾದರೂ ಅದರೊಳಗೆ ಅಕ್ಕ ಇದ್ದಾಳೆಂದು ನೆನಪಾಗಬೇಡವೇ!

ಕೂಗಿದಳು, ಕೂಗು ತಗಡಿನೊಳಗೇ ಸುತ್ತಿತು. ಹೊಟ್ಟೆ ಚುರುಗುಟ್ಟಿತು, ಸಿಟ್ಟು ನೆತ್ತಿಗೇರಿತು. ನಡೆದೇಬಿಟ್ಟಳು. ಅಂಗಳ ದಾಟಿ, ಮೆಟ್ಟಿಲಿಳಿದು, ಊಟದ ಕೋಣೆಯ ಬಾಗಿಲನ್ನು ಭುಜದಿಂದ ನೂಕಿ ಒಳನುಗ್ಗಿದಳು. ಹೆಜ್ಜೆ ಹೆಜ್ಜೆಗೂ ಮೇಜಿನ ಮೇಲಿನ ಲೋಟಗಳು ಅದುರಿದವು. ನೆಟ್ಟಗೆ ನಿರ್ದೇಶಕನ ಮುಂದೆ ಹೋಗಿ ನಿಂತು, ತಲೆಯನ್ನು ನಿಧಾನವಾಗಿ ಬಗ್ಗಿಸಿ, ಅವನ ತಟ್ಟೆಯನ್ನು ದುರುಗುಟ್ಟಿ ನೋಡಿದಳು.

ಅವನ ತುತ್ತು ಕೈಯಲ್ಲೇ ಉಳಿಯಿತು.

"ಇದೇ! ಇದೇ ನಡಿಗೆ! ಕ್ಯಾಮೆರಾ ತನ್ನಿ!"

"ಮೊದ್ಲು ಸ್ಕ್ರೂ ಬಿಚ್ರೋ ಪುಣ್ಯಾತ್ಮರಾ!" ಒಳಗಿಂದ ಸಣ್ಣ ದನಿ ಬಂತು.

ಬಿಚ್ಚಿದರು. ಬೆವರಲ್ಲಿ ತೊಯ್ದ ಕೆಂಪು ಮುಖ ಹೊರಬಂದಾಗ ಇಡೀ ಕೋಣೆ ಎದ್ದು ಚಪ್ಪಾಳೆ ತಟ್ಟಿತು. ನಿರ್ದೇಶಕ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟು, ಹೊಸ ತಟ್ಟೆ ತರಿಸಿ, ತಾನೇ ಬಡಿಸಿದ. ಅಂಥ ಸಂತೋಷ ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಅವಳ ಊಟ ಇನ್ನೂ ಮುಗಿದಿರಲಿಲ್ಲ, ಬಾಗಿಲಲ್ಲಿ ಲಾರಿಯ ಡ್ರೈವರು ಬಂದು ನಿಂತ.

"ಯಂತ್ರ ಎಲ್ಲಿ ಇಳಿಸ್ಲಿ ಸಾರ್?"

ನಿರ್ದೇಶಕ ಬಾಯಿ ತೆರೆಯುವ ಮೊದಲೇ ಡಬ್ಬಿಯಕ್ಕ ತುತ್ತು ನುಂಗಿ ಹೇಳಿದಳು: "ಇಳಿಸ್ಬೇಡಪ್ಪ. ಇಲ್ಲಿ ರೋಬೋ ಇದೆ."