ಬೆಳಕು ಬರ್ತದ, ಮುಖ ಹೋಗ್ತದ

ಭಾಲ್ಕಿಯಿಂದ ಕಾವಲು ಕ್ಯಾಮೆರಾ ಕೂರಿಸಲು ಬರುತ್ತಿದ್ದ ಮೇಸ್ತ್ರಿ ಕೆಲಸ ಮುಗಿಸಿ ಏಣಿ ಇಳಿದ ಮೇಲೆ ನಾಲ್ಕು ಬೆರಳು ಜೋಡಿಸಿ ತೋರಿಸುತ್ತಿದ್ದರು. "ಕತ್ತಲ್ಯಾಗ ಕ್ಯಾಮೆರಾ ಚಿತ್ರದ ನಾಲ್ಕು ಚುಕ್ಕಿ ಕೂಡಿಸಿ ಒಂದ ಮಾಡ್ತದ್ರಿ. ಬೆಳಕು ಬರ್ತದ, ಮುಖ ಹೋಗ್ತದ." ಸಂತಪುರದ ತೊಗರಿ ಗೋದಾಮಿನಲ್ಲೂ ಹೀಗೇ ಹೇಳಿದ್ದರು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಒಂದು ಚಳಿಗಾಲದ ರಾತ್ರಿ ಆ ಗೋದಾಮಿನಿಂದ ನೀರಿನ ಮೋಟರು ಕಳುವಾಯಿತು. ಮರುದಿನ ಮೇಸ್ತ್ರಿಯನ್ನು ಕರೆಸಿ ಆ ರಾತ್ರಿಯ ಚಿತ್ರವನ್ನು ಗೋದಾಮಿನ ಕಚೇರಿ ಕೋಣೆಯ ಪರದೆಗೆ ಹಾಕಿಸಿದರು. ತಲೆಗೆ ಶಾಲು ಸುತ್ತಿದ ಒಂದು ಆಕೃತಿ, ಮುಖದ ಜಾಗದಲ್ಲಿ ಬರೀ ಬೂದು ಚೌಕಗಳು.

"ಇವ ನಮ್ಮ ಬಾಜೂ ಮನಿ ಮಾಸ್ತರ ಅಲ್ಲೇನು?" ಎಂದ ಒಬ್ಬ.

ಆ ಮಾಸ್ತರ ನಾನೇ. ನೋಡಲು ಬಂದು ಹಿಂದೆ ನಿಂತಿದ್ದೆ, ಹೆಗಲ ಮೇಲೆ ಶಾಲಿತ್ತು. ಹತ್ತು ಜನ ಬಾಗಿಲಿಗೆ ಅಡ್ಡ ನಿಂತರು.

ಮೇಸ್ತ್ರಿ ನನ್ನ ಶಾಲು ಎಳೆದುಕೊಂಡರು. ಅದನ್ನು ತಲೆಗೆ ಸುತ್ತಿಕೊಂಡರು. ಗೋದಾಮಿನ ಕಿಟಕಿ ಮುಚ್ಚಿ, ದೀಪ ಆರಿಸಿ ಕ್ಯಾಮೆರಾದ ಕೆಳಗೆ ನಡೆದರು. ಪರದೆಯ ಮೇಲೆ ಅದೇ ಆಕೃತಿ, ಅವೇ ಚೌಕಗಳು.

"ಈಗ ನನಗೂ ಹಿಡೀರಿ" ಎಂದರು ಗೋದಾಮಿನ ಕತ್ತಲೆಯೊಳಗಿನಿಂದ.

ಬಾಗಿಲಲ್ಲಿದ್ದವರು ಒಬ್ಬೊಬ್ಬರಾಗಿ ಸರಿದರು.

ಮೇಸ್ತ್ರಿಯನ್ನು ಬಸ್ಸಿಗೆ ಬಿಡಲು ಹೋದೆ. ಬಸ್ಸು ಬಂದಾಗ ಶಾಲು ಮರಳಿಸಿ, ನಿಚ್ಚಳ ಬಿಸಿಲಿನಲ್ಲಿ ನನ್ನ ಮುಖವನ್ನೇ ದಿಟ್ಟಿಸಿ ಮೆಲ್ಲಗೆ ಕೇಳಿದರು:

"ಮಾಸ್ತರ, ಖರೇ ಹೇಳ್ರಿ. ಅದು ನೀವಲ್ಲ, ಹೌದಿಲ್ರಿ?"