ನೀಲಿ ಅಂದರೆ ಆಯಿಲ್, ಬಿಳಿ ಅಂದರೆ ನೀರು

ನನ್ನ ದೋಸ್ತ ಮತ್ತು ನಾನು ಸೇರಿ ಒಂದು ಕ್ರೇನ್ ಜೀಪು ಇಟ್ಟುಕೊಂಡಿದ್ದೇವೆ. ದಾರಿಯಲ್ಲಿ ಕೆಟ್ಟು ನಿಂತ ಗಾಡಿಗಳನ್ನು ಎಳೆದು ತಂದು ವಿಜಯಪುರದ ಸೊಲ್ಲಾಪುರ ರಸ್ತೆಯ ಗ್ಯಾರೇಜುಗಳಿಗೆ ಮುಟ್ಟಿಸುವುದು ನಮ್ಮ ಕೆಲಸ. ಜೀಪಿಗೆ ವಯಸ್ಸಾಗಿದೆ. ನಮಗೂ ಆಗಿದೆ, ಆದರೆ ಆ ಮಾತನ್ನು ನಾವು ಜೀಪಿನ ಬಗ್ಗೆ ಮಾತ್ರ ಆಡುತ್ತೇವೆ. ಅವನು ಓಡಿಸುತ್ತಾನೆ. ನಾನು ಹಿಂದೆ ಕ್ರೇನಿನ ಕಡೆ ಮುಖ ಮಾಡಿ ಕೂತು, ಕೊಕ್ಕೆಗೆ ಸಿಕ್ಕಿಸಿದ ಗಾಡಿ ಕಳಚಿಕೊಳ್ಳದಂತೆ ನೋಡಿಕೊಳ್ಳುತ್ತೇನೆ. ಹೀಗಾಗಿ ನಮ್ಮ ಸೈಲೆನ್ಸರಿನ ಹೊಗೆಯನ್ನು ನನ್ನಷ್ಟು ಹತ್ತಿರದಿಂದ ನೋಡಿದವರು, ನನ್ನಷ್ಟು ಕುಡಿದವರು ಯಾರೂ ಇಲ್ಲ.

ಆ ಹಕ್ಕಿನಿಂದಲೇ ಒಂದು ದಿನ ಕೂಗಿ ಹೇಳಿದೆ: "ಲೇ, ಹೊಗಿ ಬೆಳ್ಳಗ ಬರಾಕತ್ತೈತಿ. ಹೆಡ್ ಗ್ಯಾಸ್ಕೆಟ್ ಹೋಗೈತಿ ನೋಡು. ಇಂಜಿನ್ನಿನೊಳಗ ನೀರು ಇಳ್ಯಾಕತ್ತೈತಿ."

ಅವನು ಪಕ್ಕದ ಕನ್ನಡಿಯಲ್ಲಿ ನೋಡಿದ. "ಎಲ್ಲಿ ಬೆಳ್ಳಗಲೇ? ನೀಲಿ ಐತಿ, ನೀಲಿ. ಆಯಿಲ್ ಸುಡಾಕತ್ತೈತಿ."

ಗಾಡಿ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತಿರುವ ಪಾಠ ಇದು: ಹೊಗೆ ಕಪ್ಪಗಿದ್ದರೆ ಡೀಸೆಲ್ ಜಾಸ್ತಿಯಾಗಿದೆ, ನೀಲಿಯಾಗಿದ್ದರೆ ಆಯಿಲ್ ಉರಿಯುತ್ತಿದೆ, ಬೆಳ್ಳಗೆ ಬಂದರೆ ನೀರು ಸೇರಿದೆ. ಬಣ್ಣ ಹೇಳಿದರೆ ರೋಗ ಹೇಳಿದಂತೆ. ನಮ್ಮ ತಕರಾರು ಇದ್ದದ್ದು ರೋಗದ ಬಗ್ಗೆ ಅಲ್ಲ, ಬಣ್ಣದ ಬಗ್ಗೆ. ಇಬ್ಬರು ಬೆಳೆದ ಗಂಡಸರು ರಸ್ತೆ ಬದಿಗೆ ಜೀಪು ನಿಲ್ಲಿಸಿ, ಸೈಲೆನ್ಸರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಬ್ಬ ಬಿಳಿ ಅಂತ, ಇನ್ನೊಬ್ಬ ನೀಲಿ ಅಂತ ಕೂಗಾಡುವುದನ್ನು ಟಿಕೋಟಾದ ಜನ ನಿಂತು ನೋಡಿ ಹೋಗುತ್ತಿದ್ದರು.

ಕೊನೆಗೆ ನನ್ನ ಹಟಕ್ಕೆ ಗ್ಯಾರೇಜಿನ ಮಿಸ್ತ್ರಿ ಇಂಜಿನ್ ಬಿಚ್ಚಿದ. ಗ್ಯಾಸ್ಕೆಟ್ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದಕ್ಕೇನೂ ಆಗಿಲ್ರೀ ಮಾಮಾ, ಮದಿಮಗಳಂಗ ಐತಿ," ಅಂದ.

"ಇರಲಿ, ಹೊಸಾದ ಹಾಕು," ಅಂದೆ. ಹಾಕಿದ. ಆಯಿಲ್ಲನ್ನೂ ಬದಲಿಸಿದ. ಮರುದಿನ ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಅದೇ ಹೊಗೆ. ನನ್ನ ದೋಸ್ತ ಏನೂ ಅನ್ನಲಿಲ್ಲ, ನಕ್ಕ. ಏನಾದರೂ ಅಂದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ನಕ್ಕನಲ್ಲ, ಅವತ್ತಿನಿಂದ ಮಾತು ಬಿಟ್ಟೆ. ಸಾಲಿ ಕಲಿಯುವಾಗಿನಿಂದಲೂ ಜೊತೆಗಿದ್ದವರು "ಮುಂದ", "ಹಿಂದ", "ಎತ್ತು", "ಇಳಸು" ಎಂಬ ನಾಲ್ಕು ಶಬ್ದಗಳಲ್ಲಿ ಸಂಸಾರ ನಡೆಸತೊಡಗಿದೆವು.

ಅಷ್ಟರಲ್ಲಿ ಟಿಕೋಟಾದ ಹತ್ತಿರ ಕಾರೊಂದು ಕ್ಲಚ್ ಹೋಗಿ ನಿಂತಿದೆ ಎಂದು ಫೋನ್ ಬಂತು. ಹೋಗಿ ನೋಡಿದರೆ ಕಾರಿನವರು ವಿಜಯಪುರದ ಕಣ್ಣಿನ ಡಾಕ್ಟರು, ನಡುವಯಸ್ಸಿನ ಹೆಣ್ಣುಮಗಳು. ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಕಾರಿಗೆ ಕೊಕ್ಕೆ ಹಾಕಿ ಹೊರಟೆವು. ಒಂದು ಸಣ್ಣ ಏರು ಬಂತು. ಜೀಪು ನರಳಿತು. ಹೊಗೆ ಮೋಡದಂತೆ ಎದ್ದಿತು.

ಮಾತು ಬಿಟ್ಟದ್ದು ಮರೆತು ನಾನು ಕೂಗಿದೆ: "ಬಿಳಿ!"

"ನೀಲಿ!" ಎಂದು ಮುಂದಿನಿಂದ ಉತ್ತರ ಬಂತು.

ಡಾಕ್ಟರು ಗಾಬರಿಯಾಗಿ ಇಬ್ಬರನ್ನೂ ನೋಡಿದರು. ನನ್ನ ದೋಸ್ತ ವಿಷಯ ತಿಳಿಸಿದ. ಅವರು ತಿರುಗಿ ಹೊಗೆಯನ್ನು ನೋಡಿ, ಆಮೇಲೆ ಅದಕ್ಕಿಂತ ಹೆಚ್ಚು ಹೊತ್ತು ನನ್ನನ್ನು ನೋಡಿದರು.

"ಕಾಕಾ, ರಾತ್ರಿ ಎದುರಿಗೆ ಗಾಡಿ ಬಂದರ ಅದರ ಲೈಟು ಹರಡಿದಂಗ ಕಾಣತೈತೇನ್ರಿ?"

"ಕಾಣತೈತ್ರಿ ಬಾಯಾರ. ಈಗಿನ ಗಾಡಿ ಲೈಟs ಹಂಗ. ಕಣ್ಣಿಗೇ ಹೊಡೀತಾವ."

"ಹೌದ್ರಿ? ನಿಮ್ಮ ಅಂಗಿ ಯಾವ ಬಣ್ಣದ್ರಿ?"

ಇದೆಂಥ ಪ್ರಶ್ನೆ ಅನಿಸಿತು. "ಬೂದಿ ಬಣ್ಣರಿ."

ಮುಂದೆ ನನ್ನ ದೋಸ್ತ ಸ್ಟೇರಿಂಗಿಗೆ ತಲೆ ಬಡಿದುಕೊಳ್ಳುವಷ್ಟು ನಕ್ಕ. ಡಾಕ್ಟರು ನಗಲಿಲ್ಲ. "ಆಕಾಶ ಬಣ್ಣ ಐತ್ರಿ ಕಾಕಾ. ನಾಳೆ ದವಾಖಾನಿಗಿ ಬರ್ರಿ. ಎರಡೂ ಕಣ್ಣಿಗಿ ಮೋತಿಬಿಂದು ಬಂದಂಗ ಐತಿ," ಅಂದರು.

ಮನೆಗೆ ಹೋಗಿ ಹೆಂಡತಿಗೆ ಅಂಗಿ ತೋರಿಸಿ ಕೇಳಿದೆ. "ಈದ್ ಹಬ್ಬಕ್ಕ ಆಕಾಶ ಬಣ್ಣದ್ದು ಬೇಕಂತ ನೀವs ಕೇಳಿ ಹೊಲಿಸಿದ್ದು. ಮೂರು ಹಬ್ಬದಿಂದ ತೊಡಾಕತ್ತೀರಿ. ಈಗ್ಯಾಕ ಕೇಳಾಕತ್ತೀರಿ?" ಅಂದಳು.

ದವಾಖಾನೆಯಲ್ಲಿ ತಿಳಿಸಿ ಹೇಳಿದರು. ಮೋತಿಬಿಂದು ಅಂದರೆ ಕಣ್ಣಿನ ಪೊರೆ; ಅದು ಹಳದಿಯಾಗುತ್ತ ಬಂದ ಹಾಗೆ ನೀಲಿ ಬಣ್ಣ ಒಳಗೆ ಬರುವುದೇ ಇಲ್ಲ, ನೀಲಿಯೆಲ್ಲ ಬೂದಿಯಾಗಿಯೋ ಬಿಳಿಯಾಗಿಯೋ ಕಾಣುತ್ತದೆ ಅಂತೆ. ಮೆಲ್ಲಗೆ ಆಗುವುದರಿಂದ ಗೊತ್ತಾಗುವುದಿಲ್ಲ. ಬಲಗಣ್ಣಿಗೆ ಮೊದಲು ಆಪರೇಶನ್ ಮಾಡೋಣ, ಎಡಗಣ್ಣಿಗೆ ಆಮೇಲೆ ಅಂದರು. ಮಾಡಿಸಿಕೊಂಡೆ.

ಕಪ್ಪು ಕನ್ನಡಕ ತೆಗೆಯಬಹುದು ಎಂದ ದಿನ ನನ್ನನ್ನು ಕರೆದೊಯ್ಯಲು ದೋಸ್ತ ಜೀಪು ತಂದು ದವಾಖಾನೆಯ ಮುಂದೆ ಸ್ಟೇಷನ್ ರಸ್ತೆಯಲ್ಲಿ ನಿಲ್ಲಿಸಿದ್ದ. ಇಂಜಿನ್ ಬಂದ್ ಮಾಡಿರಲಿಲ್ಲ. ನಾನು ಹಿಂದಿನಿಂದ ನಡೆದು ಬಂದೆ. ಸೈಲೆನ್ಸರಿನಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ನೀಲಿ. ಸಂಶಯವೇ ಬೇಡ, ನವಿಲಿನ ಕುತ್ತಿಗೆಯ ನೀಲಿ. ನಂಬಲಾಗದೆ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದೆ: ಬಿಳಿ. ಎಡಗಣ್ಣು ಮುಚ್ಚಿದೆ: ನೀಲಿ. ಮತ್ತೆ ಬಲ, ಮತ್ತೆ ಎಡ. ಹೀಗೆ ಎಷ್ಟು ಸಲ ಮಾಡಿದೆನೋ, ಜೀಪಿನ ಆಚೆ ಆಟೋಕ್ಕೆ ಕಾಯುತ್ತ ನಿಂತಿದ್ದ ಹೆಣ್ಣುಮಗಳೊಬ್ಬಳು ಸೆರಗು ಸೊಂಟಕ್ಕೆ ಸಿಕ್ಕಿಸಿ, "ಏನ ಅಜ್ಜಾ, ಬಿಳಿ ಗಡ್ಡ ಬಿಟ್ಟುಕೊಂಡು ಕಣ್ಣ ಹೊಡಿತಿಯೇನು?" ಎಂದು ಮುಂದೆ ಬಂದಾಗಲೇ ನನಗೆ ಎಚ್ಚರವಾಯಿತು.

ದೋಸ್ತ ಇಳಿದು ಬಂದು ಕೈಮುಗಿದ. "ಯವ್ವಾ, ಅವನ ಕಣ್ಣ ಆಪರೇಶನ್ ಆಗೈತಿ. ಬಿಟ್ಟಬಿಡು." ಆಮೇಲೆ ನನ್ನತ್ತ ತಿರುಗಿ ಕೇಳಿದ: "ಹೊಗಿ ಹ್ಯಾಂಗ ಕಾಣತೈತಿ?"

"ಇನ್ನೂ ಪೂರಾ ನೆದರು ಬಂದಿಲ್ಲ," ಅಂದೆ.

ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. ಆದರೆ ಭಯ ಹುಟ್ಟಿತು. ನೀಲಿ ಅಂದರೆ ಆಯಿಲ್ ಉರಿದು ಮುಗಿಯುತ್ತಿದೆ. ಮುಗಿದರೆ ಇಂಜಿನ್ ಹಿಡಿದುಕೊಂಡು ಕೂರುತ್ತದೆ, ಮತ್ತೆ ತಿರುಗುವುದೇ ಇಲ್ಲ. ರಾತ್ರಿ ಜೀಪು ನಿಲ್ಲುವುದು ಸೊಲ್ಲಾಪುರ ರಸ್ತೆಯ ಮಿಸ್ತ್ರಿಯ ಗ್ಯಾರೇಜಿನ ಪಕ್ಕದ ಖಾಲಿ ಜಾಗದಲ್ಲಿ. ನಾನು ಬೆಳಗಿನ ನಮಾಜು ಮುಗಿಸಿ, ಮನೆಗೆ ಹೋಗುವ ಮೊದಲು ಆ ಕಡೆ ಹಾಯ್ದು, ಬಾನೆಟ್ ಎತ್ತಿ ಆಯಿಲ್ ಹಾಕಿ ಬರತೊಡಗಿದೆ. ಇಂಜಿನ್ನಿನಲ್ಲಿ ಆಯಿಲ್ ಎಷ್ಟಿದೆ ಎಂದು ನೋಡಲು ಒಂದು ಕಡ್ಡಿ ಇರುತ್ತದೆ. ನಮ್ಮ ಜೀಪಿನದು ಹಿಡಿಕೆ ಮುರಿದು, ಇಕ್ಕಳ ಹಾಕಿ ಎಳೆಯಬೇಕಾಗಿತ್ತು. ಹೊಗೆಯೇ ಕಣ್ಣಿಗೆ ಕಾಣುತ್ತಿರುವಾಗ ಕಡ್ಡಿಯನ್ನೇನು ಕೇಳುವುದು ಎಂದು ಬಿಟ್ಟೆ.

ವಿಚಿತ್ರವೆಂದರೆ, ಆಯಿಲ್ ಹಾಕಿದಷ್ಟೂ ಹೊಗೆ ಹೆಚ್ಚಾಯಿತು. ಹೊಗೆ ಹೆಚ್ಚಾದಷ್ಟೂ ನಾನು ಇನ್ನಷ್ಟು ಹಾಕಿದೆ.

ಬಬಲೇಶ್ವರದಲ್ಲಿ ಅದು ಮಿತಿ ಮೀರಿತು. ಅಲ್ಲಿ ದ್ರಾಕ್ಷಿ ವ್ಯಾಪಾರಿಯೊಬ್ಬರ ಹೊಸ ಕಾರು ನಿಂತಿತ್ತು. ಕೊಕ್ಕೆ ಹಾಕಿದರೆ ಬಂಪರಿಗೆ ಗೀರು ಬೀಳುತ್ತದೆಂದು ಅವರು ಒಪ್ಪಲಿಲ್ಲ. ಹಗ್ಗ ಕಟ್ಟಿದೆವು, ಕಾರಿನ ಸ್ಟೇರಿಂಗ್ ಹಿಡಿದು ಅವರೇ ಕೂತರು. ಜೀಪು ಹಗ್ಗ ಬಿಗಿದು ಎಳೆಯಿತೋ ಇಲ್ಲವೋ, ಸೈಲೆನ್ಸರು ಎದೆ ಬಿಚ್ಚಿ ಉಗುಳಿತು. ಮೊದಲು ಕಾರಿನ ಮೂತಿ ಕಾಣದಾಯಿತು, ಆಮೇಲೆ ಕಾರೇ ಕಾಣದಾಯಿತು. ಹೊಗೆಯೊಳಗಿಂದ ಹಾರ್ನು ಮಾತ್ರ ಒಂದೇ ಸಮನೆ ಕೇಳುತ್ತಿತ್ತು. ನನ್ನ ಫೋನು ಬಡಿಯಿತು.

"ಯಪ್ಪಾ, ನಿಲ್ಲಸ್ರಿ! ನಿಮ್ಮ ಜೀಪಿಗಿ ಬೆಂಕಿ ಹತ್ತೈತಿ!"

ಬೆಂಕಿ ಎಂಬ ಮಾತು ಕಾರಿನ ಕಿಟಕಿಯಿಂದ ಹೊರಗೂ ಹೋಗಿತ್ತು. ಚಹಾದಂಗಡಿಯಿಂದ ಜನ ಓಡಿ ಬಂದರು. ಒಬ್ಬನ ಕೈಯಲ್ಲಿ ಬಕೆಟ್ಟು, ಇನ್ನೊಬ್ಬನ ಕೈಯಲ್ಲಿ ಕೊಡ, ಮತ್ತೊಬ್ಬ ಕಪ್ಪುಬಸಿ ತೊಳೆಯುವ ಟಬ್ಬನ್ನೇ ಎತ್ತಿಕೊಂಡು ಬಂದಿದ್ದ. "ಬೆಂಕಿ ಅಲ್ರೋ, ಹೊಗಿ ಅಷ್ಟs!" ಎಂದು ಕೂಗುವಷ್ಟರಲ್ಲಿ ಹಿಂದೆ ಕೂತಿದ್ದ ನನ್ನ ಮೇಲೆ ಮೂರೂ ಒಟ್ಟಿಗೆ ಬಂದವು. ಟಬ್ಬಿನ ನೀರಿನಲ್ಲಿ ಚಹಾಪುಡಿ ಇತ್ತು. ಜೀಪಿಗೆ ಒಂದು ಹನಿಯೂ ಬೀಳಲಿಲ್ಲ. ದೋಸ್ತ ಇಳಿದು ಬಂದು ನನ್ನ ಗಡ್ಡದಲ್ಲಿದ್ದ ಚಹಾಪುಡಿ ನೋಡಿದ, ಹಲ್ಲು ಕಚ್ಚಿಕೊಂಡು ಬೇರೆ ಕಡೆ ತಿರುಗಿದ. ಆ ಒಂದು ಸಲ ಅವನು ನಗಲಿಲ್ಲ. ಅದಕ್ಕಾಗಿ ಅವನ ಮೇಲೆ ನನಗೆ ಇಂದಿಗೂ ಗೌರವವಿದೆ.

ಜೀಪಿನ ಕಥೆ ಇನ್ನು ಮುಗಿಯಿತು ಅಂದುಕೊಂಡೆ. ಮರುದಿನ ಎಂದಿಗಿಂತ ತಡವಾಗಿ, ಬೆಳಕು ಹರಿಯುವಾಗ ದೊಡ್ಡ ಡಬ್ಬಿಯನ್ನೇ ಹಿಡಿದು ಹೊರಟೆ. ಹೋಗಿ ನೋಡಿದರೆ ಬಾನೆಟ್ ಆಗಲೇ ಎದ್ದು ನಿಂತಿದೆ. ಹಣೆಗೆ ವಿಭೂತಿ ಹಚ್ಚಿಕೊಂಡ ನನ್ನ ದೋಸ್ತ ಒಳಗೆ ಬಗ್ಗಿದ್ದಾನೆ. ಕೈಯಲ್ಲಿ ಆಯಿಲ್ ಡಬ್ಬಿ. ನನ್ನನ್ನು ಕಂಡ. ನನ್ನ ಕೈಯ ಡಬ್ಬಿಯನ್ನೂ ಕಂಡ.

"ಅದೇನಲೇ?"

"ಅದೇನು ಅಂದರ? ಆಯಿಲ್."

"ನೀ ಯಾಕ ಆಯಿಲ್ ತಂದಿ? ನಿಂದು ನೀರಿನ ಪಾರ್ಟಿ ಅಲ್ಲ?"

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ನೀಲಿ ಐತೋ ಮಾರಾಯಾ. ಆಪರೇಶನ್ ಆದಾಗಿಂದ ನೀಲಿನ ಕಾಣಾಕತ್ತೈತಿ," ಅಂದೆ. "ನೀ ಎಂದಿನಿಂದ ಹಾಕಾಕತ್ತಿ?"

"ನಿನ್ನ ಗ್ಯಾಸ್ಕೆಟ್ ಹಾಕಿಸಿದ ಮರುದಿನದಿಂದ. ಮುಂಜಾನೆ ಸ್ನಾನ ಮಾಡಿ ಬಂದು ಹಾಕತೇನಿ. ಹೇಳಿದರ ನೀ ಮತ್ತ ಜಗಳಾ ತಗೀತಿ ಅಂತ..."

ಇಬ್ಬರೂ ಡಬ್ಬಿಗಳನ್ನು ಕೆಳಗಿಟ್ಟೆವು. ಆಮೇಲೆ ಅವನು ಇಕ್ಕಳ ತಂದು ಕಡ್ಡಿ ಎಳೆದ. ಆಯಿಲ್ ಇದಕ್ಕಿಂತ ಮೇಲೆ ಹೋಗಬಾರದು ಎನ್ನುವ ಮೇಲಿನ ಗುರುತು ಎಲ್ಲಿದೆ ಎಂದು ಹುಡುಕುವಂತಾಯಿತು. ಕಡ್ಡಿ ಬುಡದವರೆಗೆ ಆಯಿಲ್ಲಿನಲ್ಲಿ ಅದ್ದಿತ್ತು.

ಬಾಗಿಲು ತೆಗೆಯಲು ಬಂದ ಮಿಸ್ತ್ರಿ ಆ ಕಡ್ಡಿಯನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದ. ಆಯಿಲ್ ಅಷ್ಟು ಹೆಚ್ಚಾದರೆ ಅದು ಒಳಗೆ ಜಾಗ ಸಾಲದೆ ಮೇಲೆ ನುಗ್ಗಿ ಉರಿಯುತ್ತದೆ, ಹಾಗಾಗಿಯೇ ಇಷ್ಟು ಹೊಗೆ ಎಂದ. ಕೆಳಗಿನ ಬೋಲ್ಟು ಬಿಚ್ಚಿ ಹೆಚ್ಚಿನದನ್ನು ಇಳಿಸಿದ. ಬಕೆಟ್ಟು ತುಂಬುತ್ತಲೇ ಇತ್ತು. "ಮೊದಲ ಇದ್ದ ಹೊಗಿ ಸಣ್ಣದು. ವಾಲ್ವಿನ ರಬ್ಬರ್ ಸವದಾವ. ರಾತ್ರಿ ನಿಂತಾಗ ಒಂದೀಟು ಆಯಿಲ್ ಒಳಗ ಇಳೀತೈತಿ, ಮುಂಜಾನೆ ಸುಡತೈತಿ. ಇಷ್ಟಕ್ಕ ಎರಡು ಮಂದಿ ಸೇರಿ ಜೀಪಿಗಿ ಜಳಕಾನ ಮಾಡ್ಸೀರಿ!"

ಆ ರಬ್ಬರುಗಳನ್ನು ಅವತ್ತೇ ಹಾಕಿದ. ಸಂಜೆ ಸ್ಟಾರ್ಟ್ ಮಾಡಿದಾಗ ನಾವಿಬ್ಬರೂ ಹಿಂದೆ ಹೋಗಿ ನಿಂತೆವು. ಸೈಲೆನ್ಸರಿನ ಬಾಯಲ್ಲಿ ಬಿಸಿ ಗಾಳಿ ನಡುಗುತ್ತಿತ್ತು, ಬೇರೇನೂ ಇರಲಿಲ್ಲ. ಜಗಳಾಡಲು ಏನೂ ಸಿಗದೆ ಸ್ವಲ್ಪ ಹೊತ್ತು ಪೇಚಾಡಿದೆವು.

"ಆದರೂ ನೀಲಿ ಅಂತ ಮೊದಲ ಹೇಳಿದ್ದು ನಾನs," ಅಂದ ದೋಸ್ತ.

"ನೀಲಿ ಅಂತ ಹೇಳಿದ್ದು ನೀನು. ನೀಲಿ ಮಾಡಿದ್ದೂ ನೀನs," ಅಂದೆ.

ಅಷ್ಟರಲ್ಲಿ ಅರಕೇರಿಯಿಂದ ಫೋನು ಬಂತು. ಟಂಟಂ ಆಟೋವೊಂದು ಕಾಲುವೆಗೆ ಇಳಿದಿತ್ತು, ಒಳಗೆ ಆಡುಗಳಿದ್ದವು, ಬೇಗ ಬರಬೇಕಂತೆ. ಅವನು ಸ್ಟೇರಿಂಗ್ ಹಿಡಿದ, ನಾನು ಹಿಂದೆ ಹತ್ತಿ ಕೂತೆ.